ಬ್ಯಾಕಪ್ ತೆಗೆದಿಟ್ಟರೆ ಸಾಲದು, ಮರಳಿ ತಂದು ನೋಡಬೇಕು

2017ರ ಜನವರಿ 31ರ ರಾತ್ರಿ, ತಂತ್ರಾಂಶಗಳ ಕೋಡ್ ಇಟ್ಟುಕೊಳ್ಳುವ ತಾಣ ನಡೆಸುವ ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರ್ ಒಬ್ಬರು, ತಾವು ಕೆಲಸ ಮಾಡುತ್ತಿರುವುದು ಎರಡನೆಯ ಸರ್ವರ್‌ನಲ್ಲಿ ಎಂದು ಭಾವಿಸಿ, ಮುಖ್ಯ ಡೇಟಾಬೇಸ್ ಸರ್ವರ್‌ನ ಫೋಲ್ಡರನ್ನೇ ಅಳಿಸುವ ಆದೇಶ ಕೊಟ್ಟರು. ಒಂದೆರಡು ಸೆಕೆಂಡಿನಲ್ಲೇ ತಪ್ಪು ಅರಿವಾಗಿ ಆದೇಶವನ್ನು ತಡೆದರೂ, ಸುಮಾರು 300 ಗಿಗಾಬೈಟ್ ಮಾಹಿತಿಯಲ್ಲಿ ಅಷ್ಟರೊಳಗೆ ಉಳಿದದ್ದು 4.5 ಗಿಗಾಬೈಟ್ ಮಾತ್ರ. ಬ್ಯಾಕಪ್‌ನ ಏರ್ಪಾಡು ಅಲ್ಲಿ ಇರಲಿಲ್ಲವೆಂದಲ್ಲ. ಒಂದಲ್ಲ, ಹಲವು ಬಗೆಯಲ್ಲಿ ಇತ್ತು. ಆದರೆ ಪೋಸ್ಟ್‌ಗ್ರೆಸ್ ಎಂಬ ಬಗೆಯ ಡೇಟಾಬೇಸ್‌ನ ಪ್ರತಿ ತೆಗೆಯುವ ಪಿಜಿ ಡಂಪ್ ತಂತ್ರಾಂಶದ 9.2 ಆವೃತ್ತಿಯು 9.6 ಆವೃತ್ತಿಯ ಡೇಟಾಬೇಸ್ ಎದುರು ಪ್ರತಿ ಸಲವೂ ಸೋಲುತ್ತಿತ್ತು. ಸೋತಿದೆ ಎಂದು ತಿಳಿಸುವ ಇಮೇಲ್‌ಗಳು, ಕಳುಹಿಸಿದವರು ನಿಜವಾದವರೇ ಎಂದು ಪರಿಶೀಲಿಸುವ ಡಿಮಾರ್ಕ್ ನಿಯಮಕ್ಕೆ ಹೊಂದದೆ ದಾರಿಯಲ್ಲೇ ತಿರಸ್ಕೃತವಾಗುತ್ತಿದ್ದವು. ಕೊನೆಗೆ ಕೈಹಿಡಿದದ್ದು, ಬೇರೊಂದು ಕೆಲಸಕ್ಕಾಗಿ ಆರು ಗಂಟೆ ಮೊದಲು ಎಂಜಿನಿಯರ್ ಒಬ್ಬರು ಕೈಯಾರೆ ತೆಗೆದಿದ್ದ ಒಂದು ಪ್ರತಿ.

ಈ ಘಟನೆಯ ವಿವರವನ್ನು ಆ ಸಂಸ್ಥೆಯೇ ಬಹಿರಂಗವಾಗಿ ಪ್ರಕಟಿಸಿತು. ಅಷ್ಟು ಪರಿಣತರಿದ್ದ ಕಡೆಯೇ ಹೀಗಾಗುವುದಾದರೆ, ಇಬ್ಬರು ಮೂವರು ಸೇರಿ ನಡೆಸುವ ತಂತ್ರಾಂಶ ಉದ್ಯಮದಲ್ಲಿ ಅಥವಾ ಒಬ್ಬರೇ ವರ್ಷಗಟ್ಟಲೆ ಬರೆದು ಬೆಳೆಸಿದ ಬ್ಲಾಗ್‌ನಲ್ಲಿ ಆಗದಿರಲು ಕಾರಣವೇ ಇಲ್ಲ. ಆದ್ದರಿಂದ ಬ್ಯಾಕಪ್‌ನ ವಿಚಾರವನ್ನು ಪ್ರತಿ ತೆಗೆಯುವ ಕಡೆಯಿಂದ ಆರಂಭಿಸದೆ, ಮರಳಿ ಪಡೆಯುವ ಕಡೆಯಿಂದಲೇ ಆರಂಭಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಎರಡು ಸಂಖ್ಯೆಗಳನ್ನು ಬರೆದಿಡಿ

ಸರ್ವರ್ ಈ ಕ್ಷಣ ಇಲ್ಲವಾದರೆ ಎಷ್ಟು ಹೊತ್ತಿನ ಮಾಹಿತಿ ಹೋದರೂ ಸಹಿಸಬಲ್ಲಿರಿ ಎಂಬುದು ಮೊದಲ ಸಂಖ್ಯೆ. ಎಷ್ಟು ಹೊತ್ತು ಸೇವೆ ನಿಂತರೂ ಗ್ರಾಹಕರು ಉಳಿದಾರು ಎಂಬುದು ಎರಡನೆಯದು. ವಾರಕ್ಕೊಂದು ಲೇಖನ ಪ್ರಕಟವಾಗುವ ಬ್ಲಾಗ್‌ಗೆ ಒಂದು ದಿನದ ನಷ್ಟ ದೊಡ್ಡದಲ್ಲ. ಹಣ ಪಾವತಿಯ ದಾಖಲೆ ಇಟ್ಟುಕೊಳ್ಳುವ ತಂತ್ರಾಂಶಕ್ಕೆ ಹತ್ತು ನಿಮಿಷವೂ ಹೆಚ್ಚು. ಈ ಎರಡನ್ನು ನಿರ್ಧರಿಸದೆ ಉಪಕರಣ ಆರಿಸಲು ಹೊರಟವರು ಬೇಡದ್ದಕ್ಕೆ ಹಣ ಕೊಡುತ್ತಾರೆ, ಇಲ್ಲವೇ ಬೇಕಾದದ್ದನ್ನು ಬಿಟ್ಟುಬಿಡುತ್ತಾರೆ.

ಎರಡನೆಯ ಸಂಖ್ಯೆಯನ್ನು ಲೆಕ್ಕ ಹಾಕಿಯೇ ನೋಡಿ. ಬ್ಯಾಕಪ್‌ನ ಗಾತ್ರ 300 ಗಿಗಾಬೈಟ್, ಅದನ್ನು ಹೊಸ ಸರ್ವರ್‌ಗೆ ತರುವ ಸಂಪರ್ಕದ ವೇಗ ಸೆಕೆಂಡಿಗೆ 100 ಮೆಗಾಬಿಟ್ ಎಂದಾದರೆ, ವೇಗ ಎಲ್ಲಿಯೂ ಕುಗ್ಗದಿದ್ದರೂ ತರುವುದಕ್ಕೇ 6 ಗಂಟೆ 40 ನಿಮಿಷ ಬೇಕು. ಅದನ್ನು ಬಿಚ್ಚಿ, ಡೇಟಾಬೇಸ್‌ಗೆ ತುಂಬಿ, ಸೂಚಿಗಳನ್ನು (ಇಂಡೆಕ್ಸ್) ಮತ್ತೆ ಕಟ್ಟುವ ಹೊತ್ತು ಬೇರೆ. ಎರಡು ಗಂಟೆಯಲ್ಲಿ ಸರಿಪಡಿಸುತ್ತೇವೆಂದು ಗ್ರಾಹಕರಿಗೆ ಮಾತು ಕೊಟ್ಟವರು ಈ ಲೆಕ್ಕವನ್ನು ಮಾಡಿಯೇ ಇರುವುದಿಲ್ಲ.

ಏನೇನು ಉಳಿಯಬೇಕು ಎಂಬ ಪಟ್ಟಿ

ಡೇಟಾಬೇಸ್ ಎಲ್ಲರ ನೆನಪಿನಲ್ಲೂ ಇರುತ್ತದೆ; ಅದರ ಸುತ್ತಲಿನದು ಮರೆತುಹೋಗುತ್ತದೆ. ವರ್ಡ್‌ಪ್ರೆಸ್ ಬ್ಲಾಗ್‌ನಲ್ಲಿ ಬರಹ ಮತ್ತು ಪ್ರತಿಕ್ರಿಯೆಗಳು ಡೇಟಾಬೇಸ್‌ನಲ್ಲಿದ್ದರೆ, ಚಿತ್ರಗಳು, ಥೀಮ್ ಹಾಗೂ ಪ್ಲಗಿನ್‌ಗಳು ಕಡತಗಳ ರೂಪದಲ್ಲಿ ಬೇರೆಯೇ ಫೋಲ್ಡರ್‌ನಲ್ಲಿರುತ್ತವೆ. ಒಂದನ್ನು ಮಾತ್ರ ಉಳಿಸಿಕೊಂಡವರಿಗೆ ಚಿತ್ರಗಳಿಲ್ಲದ ಬರಹ ಅಥವಾ ಬರಹವಿಲ್ಲದ ಚಿತ್ರಗಳು ಸಿಗುತ್ತವೆ. ಪೋಸ್ಟ್‌ಗ್ರೆಸ್ ಬಳಸುವವರು ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಪಿಜಿ ಡಂಪ್ ಒಂದು ಡೇಟಾಬೇಸ್‌ನ ಪ್ರತಿಯನ್ನಷ್ಟೇ ತೆಗೆಯುತ್ತದೆ. ಬಳಕೆದಾರ ಖಾತೆಗಳು ಇಡೀ ಸರ್ವರ್‌ಗೆ ಸೇರಿದವಾದ್ದರಿಂದ ಅವು ಅದರಲ್ಲಿ ಬರುವುದಿಲ್ಲ, ಪಿಜಿ ಡಂಪ್‌ಆಲ್ ಮೂಲಕ ಅವುಗಳನ್ನು ಪ್ರತ್ಯೇಕವಾಗಿ ತೆಗೆಯಬೇಕು. ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್‌ನಲ್ಲಿ, ಇನ್ನೋಡಿಬಿ ಎಂಬ ಸಂಗ್ರಹ ವಿಧಾನದ ಕೋಷ್ಟಕಗಳ ಪ್ರತಿ ತೆಗೆಯುವಾಗ ಸಿಂಗಲ್ ಟ್ರಾನ್ಸಾಕ್ಷನ್ ಆಯ್ಕೆಯನ್ನು ಕೊಟ್ಟರೆ, ಬಳಕೆದಾರರನ್ನು ತಡೆಯದೆಯೇ ಒಂದೇ ಕ್ಷಣದ ಸುಸಂಗತ ಚಿತ್ರ ದೊರೆಯುತ್ತದೆ.

ಇದಲ್ಲದೆ ಮೂಲ ಕೋಡ್, ಸರ್ವರ್‌ನ ಸಂರಚನಾ ಕಡತಗಳು, ತಾಣದ ಹೆಸರನ್ನು ಸರ್ವರ್‌ಗೆ ಜೋಡಿಸುವ ಡಿಎನ್‌ಎಸ್ ದಾಖಲೆಗಳು, ನಿಗದಿತ ಸಮಯಕ್ಕೆ ತಾನಾಗಿ ನಡೆಯುವ ಕೆಲಸಗಳ ಪಟ್ಟಿ, ಎರಡು ಹಂತದ ಪರಿಶೀಲನೆಯ ರಿಕವರಿ ಕೋಡ್‌ಗಳು ಇವೆಲ್ಲವೂ ಪಟ್ಟಿಯಲ್ಲಿರಬೇಕು. ಕೀಲಿಗಳ ವಿಷಯವನ್ನು ವಿಶೇಷವಾಗಿ ಹೇಳಬೇಕು. ಬ್ಯಾಕಪ್ ಅನ್ನು ಗೂಢಲಿಪಿಗೆ ತಿರುಗಿಸಿ ಇಡುವುದು ಅಗತ್ಯವೇ ಹೌದು. ಆದರೆ ಅದನ್ನು ಬಿಚ್ಚುವ ಪಾಸ್‌ವರ್ಡ್ ಆ ಸರ್ವರ್‌ನಲ್ಲಿ ಮಾತ್ರ ಇದ್ದರೆ, ಸರ್ವರ್ ಹೋದ ದಿನ ಬ್ಯಾಕಪ್ ಕೂಡ ಹೋದಂತೆಯೇ. ಬ್ಯಾಕಪ್ ತೆಗೆಯುವ ರೆಸ್ಟಿಕ್‌ನಂತಹ ಉಪಕರಣಗಳಲ್ಲಿ ಮರೆತ ಪಾಸ್‌ವರ್ಡಿಗೆ ಹಿಂಬಾಗಿಲು ಇಲ್ಲ.

ಪ್ರತಿಗಳು ಎಲ್ಲಿರಬೇಕು

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಸ್ಥಳದಲ್ಲಿ ಎಂಬ 3-2-1 ನಿಯಮವನ್ನು ಪ್ರಚುರಪಡಿಸಿದವರು ಛಾಯಾಗ್ರಾಹಕ ಪೀಟರ್ ಕ್ರೋ. ಇದರಲ್ಲಿ ಕೊನೆಯ ಭಾಗವನ್ನೇ ಜನ ಲಘುವಾಗಿ ಕಾಣುತ್ತಾರೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಕಟ್ಟಡವೊಂದು ಬೆಂಕಿಗೆ ಪೂರ್ತಿಯಾಗಿ ಆಹುತಿಯಾದಾಗ, ಬ್ಯಾಕಪ್ ಕೂಡ ಅದೇ ಆವರಣದಲ್ಲಿದ್ದ ಗ್ರಾಹಕರು ಎರಡನ್ನೂ ಒಟ್ಟಿಗೆ ಕಳೆದುಕೊಂಡರು.

ಬೇರೆ ಸ್ಥಳ ಎಂದರೆ ಬೇರೆ ಊರು ಎಂದಷ್ಟೇ ಅಲ್ಲ, ಬೇರೆ ಖಾತೆಯೂ ಆಗಿರಬೇಕು. ಕೋಡ್ ಸ್ಪೇಸಸ್ ಎಂಬ ಕಂಪನಿ ಬಳಸುತ್ತಿದ್ದ ಅಮೆಜಾನ್ ಕ್ಲೌಡ್ ಸೇವೆಯ ನಿಯಂತ್ರಣ ಫಲಕ 2014ರ ಜೂನ್‌ನಲ್ಲಿ ದುಷ್ಕರ್ಮಿಯ ಕೈಗೆ ಸಿಕ್ಕಿತು. ಮುಖ್ಯ ಮಾಹಿತಿಯ ಜೊತೆಗೆ ಬ್ಯಾಕಪ್‌ಗಳಲ್ಲಿ ಬಹುಪಾಲು ಅದೇ ಫಲಕದಿಂದಲೇ ಅಳಿಸಲ್ಪಟ್ಟವು, ಕಂಪನಿ ಮತ್ತೆ ಏಳಲಾಗದೆ ಮುಚ್ಚಿತು. ಆದ್ದರಿಂದ ಒಂದು ಪ್ರತಿಯನ್ನಾದರೂ ಬೇರೆ ಪಾಸ್‌ವರ್ಡ್, ಬೇರೆ ಇಮೇಲ್ ಇರುವ ಖಾತೆಯಲ್ಲಿಡಿ; ಸರ್ವರ್‌ಗೆ ಅಲ್ಲಿ ಹೊಸ ಕಡತ ಸೇರಿಸುವ ಹಕ್ಕು ಮಾತ್ರ ಇರಲಿ, ಅಳಿಸುವ ಹಕ್ಕು ಬೇಡ. ಆಬ್ಜೆಕ್ಟ್ ಲಾಕ್ ಸೌಲಭ್ಯವಿರುವ ಸಂಗ್ರಹದಲ್ಲಿ, ಗೊತ್ತುಪಡಿಸಿದ ಅವಧಿ ಮುಗಿಯುವವರೆಗೆ ಕಡತ ಅಳಿಯದಂತೆ ಬೀಗ ಹಾಕಲೂಬಹುದು.

ಎರಡನೆಯ ಸರ್ವರ್‌ಗೆ ಮಾಹಿತಿ ಕೂಡಲೇ ನಕಲಾಗುವ ರೆಪ್ಲಿಕೇಷನ್ ವ್ಯವಸ್ಥೆಯನ್ನೇ ಬ್ಯಾಕಪ್ ಎಂದು ನಂಬಿದವರನ್ನು ಹಲವು ಬಾರಿ ಕಂಡಿದ್ದೇನೆ. ಯಂತ್ರ ಕೆಟ್ಟಾಗ ಅದು ಕಾಯುತ್ತದೆ, ಮನುಷ್ಯ ತಪ್ಪಿದಾಗ ಕಾಯುವುದಿಲ್ಲ. ಇಲ್ಲಿ ತಪ್ಪಾಗಿ ಅಳಿಸಿದ ಸಾಲು ಮರುಕ್ಷಣವೇ ಅಲ್ಲಿಯೂ ಅಳಿಯುತ್ತದೆ.

ಹಳೆಯ ಪ್ರತಿಗಳನ್ನು ಎಷ್ಟು ದಿನ ಇಡಬೇಕೆಂಬುದು, ತಪ್ಪು ಬೆಳಕಿಗೆ ಬರಲು ಎಷ್ಟು ದಿನ ಬೇಕು ಎಂಬುದನ್ನು ಅವಲಂಬಿಸಿದೆ. ಕೊನೆಯ 7 ದಿನಗಳದ್ದು, 4 ವಾರಗಳದ್ದು, 12 ತಿಂಗಳುಗಳದ್ದು ಎಂದಿಟ್ಟುಕೊಂಡರೆ ಹೆಚ್ಚಿನ ಸಣ್ಣ ಉದ್ಯಮಗಳಿಗೆ ಸಾಕಾಗುತ್ತದೆ.

ಮೌನವನ್ನೇ ಎಚ್ಚರಿಕೆಯಾಗಿ ಮಾಡಿ

ಸೋತಾಗ ಇಮೇಲ್ ಬರಲಿ ಎಂಬ ಏರ್ಪಾಡು ಸಾಲದೆಂದು ಗಿಟ್‌ಲ್ಯಾಬ್ ಘಟನೆಯೇ ತೋರಿಸುತ್ತದೆ. ಬ್ಯಾಕಪ್ ತೆಗೆಯುವ ಸ್ಕ್ರಿಪ್ಟ್ ಓಡದೇ ಇದ್ದಾಗ ಸೋಲಿನ ಸುದ್ದಿ ಕಳುಹಿಸುವವರೂ ಇರುವುದಿಲ್ಲವಲ್ಲ! ಹಾಗಾಗಿ ಬ್ಯಾಕಪ್ ಯಶಸ್ವಿಯಾದಾಗ ಹೊರಗಿನ ಒಂದು ನಿಗಾ ಸೇವೆಗೆ ಸಂದೇಶ ಹೋಗಬೇಕು. ನಿಗದಿತ ಹೊತ್ತಿನೊಳಗೆ ಆ ಸಂದೇಶ ಬಾರದಿದ್ದರೆ ನಿಗಾ ಸೇವೆ ನಿಮ್ಮನ್ನು ಎಬ್ಬಿಸಬೇಕು. ಜೊತೆಗೆ ಇಂದಿನ ಕಡತದ ಗಾತ್ರವನ್ನು ನಿನ್ನೆಯದರೊಂದಿಗೆ ಹೋಲಿಸಿ, ಅರ್ಧಕ್ಕಿಂತ ಕಡಿಮೆಯಾಗಿದ್ದರೆ ಅದನ್ನು ಸೋಲೆಂದೇ ಎಣಿಸಿ. ಸೊನ್ನೆ ಬೈಟ್‌ನ ಕಡತಗಳು ತಿಂಗಳುಗಟ್ಟಲೆ ಸಾಲಾಗಿ ಬಂದು ಕೂರುವುದನ್ನು ಈ ಒಂದು ಸಾಲಿನ ಪರೀಕ್ಷೆ ತಡೆಯುತ್ತದೆ.

ಮರುಸ್ಥಾಪನೆಯ ತಾಲೀಮು

ಇಡೀ ಕೆಲಸದ ತಿರುಳು ಇರುವುದು ಇಲ್ಲಿ. ಮೂರು ತಿಂಗಳಿಗೊಮ್ಮೆ ಅರ್ಧ ದಿನವನ್ನು ಇದಕ್ಕೆಂದೇ ಮೀಸಲಿಡಿ. ಹೊಸದಾಗಿ ಬಾಡಿಗೆಗೆ ಪಡೆದ ಖಾಲಿ ಸರ್ವರ್‌ನಲ್ಲಿ, ಹಳೆಯ ಸರ್ವರ್ ಸುಟ್ಟುಹೋಗಿದೆ ಎಂದೇ ಭಾವಿಸಿ, ಅದರಿಂದ ಒಂದು ಕಡತವನ್ನೂ ತೆಗೆದುಕೊಳ್ಳದೆ ಎಲ್ಲವನ್ನೂ ಕಟ್ಟಿ ನಿಲ್ಲಿಸಬೇಕು. ಸಾಧ್ಯವಿದ್ದರೆ ಬ್ಯಾಕಪ್ ವ್ಯವಸ್ಥೆಯನ್ನು ರೂಪಿಸಿದವರು ಪಕ್ಕದಲ್ಲಿ ಸುಮ್ಮನೆ ಕುಳಿತಿರಲಿ; ಬರೆದಿಟ್ಟ ಸೂಚನೆಗಳನ್ನಷ್ಟೇ ಓದಿಕೊಂಡು ಬೇರೊಬ್ಬರು ಕೆಲಸ ಮಾಡಲಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಸೂಚನೆಯಲ್ಲಿ ಒಂದು ಸಾಲು ಬಿಟ್ಟುಹೋಗಿದೆ ಎಂದರ್ಥ. ಆ ಸಾಲನ್ನು ಅಲ್ಲೇ ಬರೆಯಿರಿ. ಒಬ್ಬರೇ ನಡೆಸುವ ಉದ್ಯಮವಾದರೆ, ನೆನಪಿನಿಂದ ಒಂದು ಆದೇಶವನ್ನೂ ಕೊಡುವುದಿಲ್ಲ, ಬರೆದಿರುವುದನ್ನು ಮಾತ್ರ ಮಾಡುತ್ತೇನೆ ಎಂಬ ಶಿಸ್ತನ್ನು ಪಾಲಿಸಿ.

ಆರಂಭಕ್ಕೆ ಮುನ್ನ ಅತಿ ಮುಖ್ಯವಾದ ಒಂದು ಎಚ್ಚರಿಕೆ ಇದೆ. ಮರುಸ್ಥಾಪಿತ ತಂತ್ರಾಂಶ ತಾನೇ ನಿಜವಾದದ್ದೆಂದು ತಿಳಿದು ನಡೆದುಕೊಳ್ಳುತ್ತದೆ: ಗ್ರಾಹಕರಿಗೆ ಹಳೆಯ ಬಿಲ್‌ಗಳನ್ನು ಇಮೇಲ್ ಮಾಡಬಹುದು, ಪಾವತಿ ಸೇವೆಗೆ ಕೋರಿಕೆ ಕಳುಹಿಸಬಹುದು. ಆದುದರಿಂದ ಹೊಸ ಸರ್ವರ್‌ನಿಂದ ಇಮೇಲ್ ಹೊರಹೋಗುವ ದಾರಿಯನ್ನು ಮುಚ್ಚಿ, ಪಾವತಿಯ ಕೀಲಿಗಳನ್ನು ಪರೀಕ್ಷಾ ಕೀಲಿಗಳಿಂದ ಬದಲಿಸಿ, ತಾನಾಗಿ ನಡೆಯುವ ಕೆಲಸಗಳನ್ನು ನಿಲ್ಲಿಸಿದ ನಂತರವೇ ತಂತ್ರಾಂಶವನ್ನು ಚಾಲನೆಗೊಳಿಸಿ. ವರ್ಡ್‌ಪ್ರೆಸ್‌ನಲ್ಲಿ ತಾಣದ ವಿಳಾಸ ಡೇಟಾಬೇಸ್‌ನೊಳಗೇ ಇರುವುದರಿಂದ, ಅದನ್ನು ಬದಲಿಸದಿದ್ದರೆ ಹೊಸ ಪ್ರತಿಯನ್ನು ತೆರೆದವರನ್ನು ಅದು ಹಳೆಯ ತಾಣಕ್ಕೇ ಕಳುಹಿಸುತ್ತದೆ. ಎಲ್ಲವೂ ಸರಿಯಾಗಿ ಮರಳಿದೆ ಎಂಬ ಸುಳ್ಳು ನೆಮ್ಮದಿ ಹುಟ್ಟುವುದು ಹೀಗೆಯೇ.

ಮುಖಪುಟ ತೆರೆದುಕೊಂಡಿತೆಂದು ನಿಲ್ಲಿಸಬೇಡಿ. ಬಳಕೆದಾರರಾಗಿ ಲಾಗಿನ್ ಆಗಿ, ಇತ್ತೀಚಿನ ದಾಖಲೆ ಯಾವ ದಿನಾಂಕದ್ದು ಎಂದು ನೋಡಿ, ಹಳೆಯ ಚಿತ್ರವೊಂದನ್ನು ತೆರೆದು, ಮುಖ್ಯ ಕೋಷ್ಟಕಗಳ ಸಾಲುಗಳನ್ನು ಎಣಿಸಿ ನಿಜವಾದ ಸರ್ವರ್‌ನ ಲೆಕ್ಕದೊಂದಿಗೆ ಹೋಲಿಸಿ. ಇತ್ತೀಚಿನ ದಾಖಲೆಯ ಹೊತ್ತು ನಿಮ್ಮ ಮೊದಲ ಸಂಖ್ಯೆಯ ಮಿತಿಯೊಳಗಿದೆಯೇ, ಆರಂಭದಿಂದ ಇಲ್ಲಿಯವರೆಗೆ ಗಡಿಯಾರ ತೋರಿಸಿದ ಹೊತ್ತು ಎರಡನೆಯದನ್ನು ಮೀರಿದೆಯೇ ಎಂಬುದನ್ನು ದಿನಾಂಕದೊಂದಿಗೆ ದಾಖಲಿಸಿ. ಮೀರಿದ್ದರೆ ಬ್ಯಾಕಪ್‌ನ ವಿಧಾನ ಬದಲಾಗಬೇಕು, ಇಲ್ಲವೇ ಗ್ರಾಹಕರಿಗೆ ಕೊಟ್ಟ ಮಾತು ಬದಲಾಗಬೇಕು.

ತಾಲೀಮು ಮುಗಿದ ದಿನವೇ ಆ ಸರ್ವರ್ ಅನ್ನು ಪೂರ್ತಿಯಾಗಿ ಅಳಿಸಿಬಿಡಿ, ಏಕೆಂದರೆ ಅದರಲ್ಲಿರುವುದು ನಿಮ್ಮನ್ನು ನಂಬಿ ಜನ ಕೊಟ್ಟ ನಿಜವಾದ ಮಾಹಿತಿ. ತಿದ್ದಿದ ಸೂಚನೆಗಳ ಒಂದು ಪ್ರತಿಯನ್ನು ಕಾಗದದಲ್ಲಿ ಮುದ್ರಿಸಿ, ಸರ್ವರ್ ಇಲ್ಲದಿದ್ದರೂ ಕೈಗೆ ಸಿಗುವ ಕಡೆ ಇಟ್ಟು, ಮುಂದಿನ ತಾಲೀಮಿನ ದಿನಾಂಕವನ್ನು ಅದರ ಮೇಲೆಯೇ ಬರೆಯಿರಿ.