ಮ್ಯೂನಿಕ್ ಚಳಿಗೆ ಹೊರಟ ಗಂಡ-ಹೆಂಡತಿಗೆ

ಬೆಂಗಳೂರಿನಿಂದ ಮ್ಯೂನಿಕ್‌ಗೋ ಬರ್ಲಿನ್‌ಗೋ ಸಂಸಾರ ಕಟ್ಟಿಕೊಂಡು ಹೊರಡುವವರು ಮೊದಲು ಓಡುವುದು ಸ್ವೆಟರ್ ಅಂಗಡಿಗೆ. ಅದು ದಂಡದ ಖರ್ಚು. ನಮ್ಮೂರಲ್ಲಿ ಚಳಿ ಅಂದರೆ ಬೆಳಗಿನ ಜಾವದ 15-16 ಡಿಗ್ರಿ; ದಾಖಲೆ ಅಂತ ಇರುವುದೇ 1884ರ ಜನವರಿ 13ರ 7.8 ಡಿಗ್ರಿ. ಆ ಲೆಕ್ಕಕ್ಕೆ ಹೊಲಿದ ಜಾಕೆಟ್ಟು ಅಲ್ಲಿ ಬಸ್ ಸ್ಟಾಪಿನವರೆಗೂ ಬಾರದು. ಇಲ್ಲಿಂದ ತಲಾ ಎರಡು ಜೊತೆ ಥರ್ಮಲ್ (ಮೈಗಂಟುವ ಬೆಚ್ಚನೆಯ ಒಳಉಡುಪು) ಒಯ್ದರೆ ಸಾಕು, ಉಣ್ಣೆಯದು ಇಲ್ಲವೇ ಪಾಲಿಯೆಸ್ಟರಿನದು. ಹತ್ತಿ ಬನಿಯನ್ ಬೆವರು ಹೀರಿ ಮೈಗಂಟಿ, ಹೊರಗೆ ಕಾಲಿಟ್ಟೊಡನೆ ಒದ್ದೆ ಬಟ್ಟೆಯಂತೆ ಕೊರೆಯುತ್ತದೆ. ಜಾಕೆಟ್ಟು, ಬೂಟು ಅಲ್ಲೇ ಕೊಳ್ಳಿ. ಬೂಟಿನ ಅಳತೆಯನ್ನು ದಪ್ಪ ಸಾಕ್ಸ್ ಹಾಕಿಕೊಂಡೇ ನೋಡಿ. ಒಳಗೆ ಬೆರಳು ಆಡದಿದ್ದರೆ ರಕ್ತವೂ ಆಡುವುದಿಲ್ಲ. ರಸ್ತೆಗೆ ಸುರಿದ ಉಪ್ಪು ಬೂಟಿನ ಮೇಲೆ ಬಿಳಿ ಗೆರೆ ಎಳೆದರೆ, ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಬಟ್ಟೆಯಲ್ಲಿ ಅದ್ದಿ ಒರೆಸಿ.

ಅಲ್ಲಿ ಮನೆಯೊಳಗೆ ನಿಜವಾದ ತಲೆನೋವು ಚಳಿಯದಲ್ಲ, ನೀರಿನದು. ಇಲ್ಲಿ ಅನ್ನದ ಹಬೆ, ಸಾರಿನ ಹಬೆ, ಸ್ನಾನದ ಹಬೆ ಎಲ್ಲ ಕಿಟಕಿಯಿಂದ ತಾನಾಗಿ ಹೋಗುತ್ತದೆ. ಅಲ್ಲಿನ ಮನೆ ಡಬ್ಬಿ ಮುಚ್ಚಿದಂತೆ ಬಿಗಿ. ಹಬೆ ಹೊರಗಿನ ಗೋಡೆಯ ಮೂಲೆಯಲ್ಲಿ, ಬೀರುವಿನ ಹಿಂದೆ ತಣ್ಣಗಾಗಿ ಕೂರುತ್ತದೆ, ವಾರಗಳಲ್ಲೇ ಕಪ್ಪು ಬೂಷ್ಟು ಕಾಣಿಸಿಕೊಳ್ಳುತ್ತದೆ. ಮನೆ ಬಿಡುವಾಗ ಮಾಲೀಕರು ಅದನ್ನು ಡಿಪಾಸಿಟ್ಟಿನಿಂದ ಮುರಿದುಕೊಳ್ಳಲು ನೋಡುತ್ತಾರೆ. ಆದ್ದರಿಂದ ದಿನಕ್ಕೆ ಎರಡು-ಮೂರು ಸಲ ಕಿಟಕಿಯನ್ನು ಪೂರ್ತಿ ತೆರೆದು ಐದು ನಿಮಿಷ ಬಿಡಿ, ಎದುರುಬದುರು ಕಿಟಕಿಯಿದ್ದರೆ ಎರಡನ್ನೂ. ಮೇಲ್ಭಾಗ ಮಾತ್ರ ವಾರೆ ಮಾಡಿ ದಿನವಿಡೀ ಬಿಡುವುದು ತಪ್ಪು. ಗೋಡೆ ತಣ್ಣಗಾಗುತ್ತದೆ, ಗಾಳಿ ಬದಲಾಗುವುದಿಲ್ಲ. ಹೊರಗೆ ಮಂಜು ಬೀಳುವಾಗ ಕಿಟಕಿ ತೆಗೆದರೆ ತೇವ ಹೆಚ್ಚೀತು ಅನ್ನಿಸಬಹುದು. ಆಗುವುದು ಉಲ್ಟಾ. ಸೊನ್ನೆ ಡಿಗ್ರಿಯ ಗಾಳಿ ಹಿಡಿದಿಡುವ ನೀರೇ ಅಷ್ಟು ಕಡಿಮೆ. ಅದೇ ಗಾಳಿ ಒಳಗೆ ಬಂದು 20 ಡಿಗ್ರಿಗೆ ಬಿಸಿಯಾದಾಗ ಅದರ ತೇವಾಂಶ ಶೇ. 25ರ ಆಸುಪಾಸಿಗೆ ಇಳಿಯುತ್ತದೆ. ತೇವ ಅಳೆಯುವ ಪುಟ್ಟ ಹೈಗ್ರೋಮೀಟರ್ ಒಂದನ್ನು ಮಲಗುವ ಕೋಣೆಯಲ್ಲಿಡಿ. ಶೇ. 40ರಿಂದ 60ರೊಳಗಿದ್ದರೆ ಒಳ್ಳೆಯದು. ಅದಕ್ಕಿಂತ ಇಳಿದರೆ ಮೂಗು ಒಣಗಿ ರಕ್ತ ಬರುತ್ತದೆ, ಹಿಮ್ಮಡಿ ಸೀಳುತ್ತದೆ. ಬೀರು, ಮಂಚವನ್ನು ಹೊರಗೋಡೆಯಿಂದ ನಾಲ್ಕು ಬೆರಳಾದರೂ ಈಚೆಗೆ ಎಳೆಯಿರಿ.

ಒಮ್ಮೆ ಒಗೆದ ಬಟ್ಟೆಯಲ್ಲಿ, ಮಷಿನ್ನು ಹಿಂಡಿದ ಮೇಲೂ, ಒಂದೆರಡು ಲೀಟರ್ ನೀರು ಇದ್ದೇ ಇರುತ್ತದೆ. ಕಟ್ಟಡದ ನೆಲಮಾಳಿಗೆಯಲ್ಲಿ ಬಟ್ಟೆ ಒಣಗಿಸುವ ಕೋಣೆಯಿದ್ದರೆ ಅಲ್ಲೇ ಹರವಿ. ಮನೆಯೊಳಗೇ ಆಗಬೇಕೆಂದರೆ ಒಂದೇ ಕೋಣೆ, ಬಾಗಿಲು ಮುಚ್ಚಿ, ಕಿಟಕಿ ಆಗಾಗ ತೆರೆಯಿರಿ. ಕೋಣೆ ಕಾಯಿಸಲು ಗೋಡೆಗೆ ಕೂರಿಸಿರುವ ರೇಡಿಯೇಟರ್ ಮೇಲೆ ಟವೆಲ್ ಹೊದಿಸಬೇಡಿ.

ರೇಡಿಯೇಟರಿನ ತಿರುಗುಬಿರಡೆಯಲ್ಲಿ 1ರಿಂದ 5 ಇರುತ್ತದೆ. ಅದು ಫ್ಯಾನಿನ ರೆಗ್ಯುಲೇಟರ್ ಅಲ್ಲ. 3 ಅಂದರೆ ಸುಮಾರು 20 ಡಿಗ್ರಿ, ಒಂದೊಂದು ಅಂಕಿಗೆ ನಾಲ್ಕು ಡಿಗ್ರಿಯಷ್ಟು ವ್ಯತ್ಯಾಸ. 5ಕ್ಕೆ ತಿರುಗಿಸಿದರೆ ಕೋಣೆ ಬೇಗ ಬಿಸಿಯಾಗುವುದಿಲ್ಲ, 28ಕ್ಕೆ ಹೋಗುವವರೆಗೂ ಉರಿಯುತ್ತಲೇ ಇರುತ್ತದೆ. ಕಿಟಕಿ ತೆರೆಯುವ ಮುಂಚೆ ಬಿರಡೆ ಇಳಿಸಿ. ಇಲ್ಲದಿದ್ದರೆ ತಣ್ಣನೆ ಗಾಳಿ ತಾಗಿದೊಡನೆ ಅದು ಪೂರ್ತಿ ತೆರೆದುಕೊಂಡು ಬೀದಿಯನ್ನು ಕಾಯಿಸುತ್ತದೆ. ಮನೆ ಕಾಯಿಸಿದ ಖರ್ಚಿನ ಲೆಕ್ಕ ವರ್ಷಕ್ಕೊಮ್ಮೆ ಬರುವುದರಿಂದ ತಪ್ಪು ಗೊತ್ತಾಗುವಷ್ಟರಲ್ಲಿ ಚಳಿಗಾಲ ಮುಗಿದಿರುತ್ತದೆ.

ಬಚ್ಚಲಿನ ವಿಷಯ ಎಷ್ಟೋ ಜನಕ್ಕೆ ಯಾರೂ ಹೇಳಿರುವುದಿಲ್ಲ. ಅಲ್ಲಿನ ಅನೇಕ ಬಾತ್‌ರೂಮುಗಳ ನೆಲದಲ್ಲಿ ನೀರು ಹೋಗಲು ಕಂಡಿಯೇ ಇಲ್ಲ. ಚೊಂಬಿನಲ್ಲಿ ಸುರಿದುಕೊಂಡರೆ ಕೆಳಗಿನ ಮನೆಯವರ ಚಾವಣಿ ಸೋರುತ್ತದೆ. ಟಬ್ಬಿನೊಳಗೇ ಸ್ನಾನ, ಪರದೆಯ ಅಂಚು ಟಬ್ಬಿನ ಒಳಗೆ. ಎಣ್ಣೆಸ್ನಾನಕ್ಕೆ ಕೊಬ್ಬರಿ ಎಣ್ಣೆಗಿಂತ ಎಳ್ಳೆಣ್ಣೆ ವಾಸಿ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಕೆಳಗೆ ಗಟ್ಟಿಯಾಗಿ ಪೈಪಿನೊಳಗೂ ಹೆಪ್ಪುಗಟ್ಟುತ್ತದೆ. (ಸೀಸೆಯಲ್ಲಿ ಒಯ್ಯುವವರು ಅಗಲ ಬಾಯಿಯ ಡಬ್ಬಕ್ಕೆ ಬಗ್ಗಿಸಿಕೊಳ್ಳಿ, ಚಮಚ ಹಾಕಿ ತೋಡಬೇಕಾಗುತ್ತದೆ.) ಮೊದಲು ಟಿಶ್ಯೂನಲ್ಲಿ ಎಣ್ಣೆ ಒರೆಸಿ ಕಸಕ್ಕೆ ಹಾಕಿ, ಆಮೇಲೆ ನೀರು. ಸೀಗೆಪುಡಿ ಅಲ್ಲಿನ ಪೈಪಿಗೆ ಬೇಡವೇ ಬೇಡ. ಟಬ್ಬಿನಲ್ಲಿ ರಬ್ಬರ್ ಮ್ಯಾಟ್ ಇರಲಿ.

ಕುಕ್ಕರ್ ಕೊಳ್ಳಲು ಪಾತ್ರೆ ಅಂಗಡಿಗೆ ಹೋಗುವಾಗ ಫ್ರಿಜ್ಜಿನ ಮೇಲಿನ ಅಯಸ್ಕಾಂತ ಒಂದನ್ನು ಜೇಬಿನಲ್ಲಿಟ್ಟುಕೊಳ್ಳಿ. ತಳಕ್ಕೆ ಗಟ್ಟಿಯಾಗಿ ಅಂಟಿದರೆ ಇಂಡಕ್ಷನ್ ಒಲೆಗೆ ಆದೀತು. ಬರೀ ಅಲ್ಯೂಮಿನಿಯಂ ಆಗದು. ಎರಡು ಗ್ಯಾಸ್ಕೆಟ್ ಹೆಚ್ಚಿಗೆ ಇರಲಿ. ಜರ್ಮನಿಯಲ್ಲೂ 230 ವೋಲ್ಟೇ, ನಮ್ಮ ಮಿಕ್ಸಿ ನಡೆಯುತ್ತದೆ, ಅರ್ತ್ ಇರುವ ಅಡಾಪ್ಟರ್ ಬೇಕು. ರಾತ್ರಿ ಹತ್ತರ ಮೇಲೆ, ಭಾನುವಾರ ಅದನ್ನು ತಿರುಗಿಸಿದರೆ ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ, ಆದ್ದರಿಂದ ದೋಸೆ ಹಿಟ್ಟು ಶನಿವಾರ ಸಂಜೆಯೇ.

ಆ ಹಿಟ್ಟು ಹುದುಗುವುದಿಲ್ಲ ಅಂತ ಎಲ್ಲರ ಗೋಳು. ತಪ್ಪು ನೆನೆಹಾಕುವಾಗಲೇ ಶುರು. ನಲ್ಲಿಯ ನೀರು ಕೊರೆಯುತ್ತಿರುತ್ತದೆ, ಅದರಲ್ಲೇ ರುಬ್ಬಿದ ಹಿಟ್ಟು ಒಳಗೊಳಗೆ ತಣ್ಣಗಿದ್ದು ಅರ್ಧ ರಾತ್ರಿ ಬೆಚ್ಚಗಾಗುವುದಕ್ಕೇ ಹೋಗುತ್ತದೆ. ಮೂರು ಲೋಟ ಅಕ್ಕಿಗೆ ಒಂದು ಲೋಟ ಉದ್ದು, ಒಂದು ಚಮಚ ಮೆಂತ್ಯ. ಉಗುರುಬೆಚ್ಚಗಿನ ನೀರಲ್ಲಿ ಆರು ಗಂಟೆ ನೆನೆಸಿ, ರುಬ್ಬಲೂ ಅದೇ ನೀರು. ಉಪ್ಪು ಹಾಕಿ ಕೈಯಲ್ಲೇ ಚೆನ್ನಾಗಿ ಕಲೆಸಿ, ಪಾತ್ರೆ ಅರ್ಧಕ್ಕಿಂತ ತುಂಬಿಸದೆ ಓವನ್ನಿನೊಳಗಿಟ್ಟು ದೀಪ ಮಾತ್ರ ಹಾಕಿ ಬಾಗಿಲು ಮುಚ್ಚಿ. ಹಳೇ ಬಲ್ಬಾದರೆ ಆ ಕಾವಿಗೆ 12-14 ಗಂಟೆಯಲ್ಲಿ ಉಬ್ಬುತ್ತದೆ. ಎಲ್‌ಇಡಿಯಾದರೆ ಬಿಸಿಯೇ ಇರದು. ಪಕ್ಕದಲ್ಲಿ ಕುದಿಯುವ ನೀರಿನ ಪಾತ್ರೆ ಇಟ್ಟು ಮೂರು-ನಾಲ್ಕು ಗಂಟೆಗೊಮ್ಮೆ ಬದಲಿಸಿ. ಓವನ್ನಿನ ಬಿರಡೆಗೆ ‘ಒಳಗೆ ಹಿಟ್ಟಿದೆ’ ಅಂತ ಚೀಟಿ ಅಂಟಿಸಿ. ಬೆಳಿಗ್ಗೆ ನಿದ್ದೆಗಣ್ಣಲ್ಲಿ ಬ್ರೆಡ್ ಬಿಸಿ ಮಾಡಲು ಬಂದವರು 200 ಡಿಗ್ರಿಗೆ ತಿರುಗಿಸಿದರೆ ಹಿಟ್ಟಿನ ಜೊತೆ ಪ್ಲಾಸ್ಟಿಕ್ ಮುಚ್ಚಳವೂ ಹೋಯಿತು.

ಮೊಸರಿನ ಹೆಪ್ಪು ಇಲ್ಲಿಂದ ಒಯ್ಯುವ ಹಾಗಿಲ್ಲ; ಯುರೋಪ್ ಒಕ್ಕೂಟ ಹಾಲಿನ ಪದಾರ್ಥವನ್ನು ಪ್ರಯಾಣಿಕರ ಚೀಲದಲ್ಲಿ ಬಿಡುವುದಿಲ್ಲ. ಹಸಿ ಕರಿಬೇವೂ ಅಷ್ಟೇ, ಒಣಗಿಸಿ ಪುಡಿ ಮಾಡಿಕೊಳ್ಳಿ. ಅಲ್ಲಿನ ಸಾದಾ ಮೊಸರಲ್ಲೇ ಹೆಪ್ಪು ಹಾಕಬಹುದು: ಶೇ. 3.5 ಕೊಬ್ಬಿನ ಹಾಲು ಅರ್ಧ ಲೀಟರ್, ಬೆರಳು ಹತ್ತು ಎಣಿಸುವಷ್ಟು ಹೊತ್ತು ತಾಳುವ ಬಿಸಿ, ಒಂದು ಚಮಚ ಮೊಸರು. ಫ್ರಿಜ್ಜಿನಿಂದ ತೆಗೆದ ತಕ್ಷಣ ಹಾಕಬೇಡಿ. ಕಾವು ಸಾಲದೆ ಬಹಳ ಹೊತ್ತು ಇಟ್ಟರೆ ಲೋಳೆಯಾಗುತ್ತದೆ.

ಡಿಸೆಂಬರಿನಲ್ಲಿ ಮ್ಯೂನಿಕ್ಕಿನ ಹಗಲು ಎಂಟು ಗಂಟೆ ಚಿಲ್ಲರೆ, ಆ ಬಿಸಿಲಲ್ಲಿ ಚರ್ಮ ವಿಟಮಿನ್ ಡಿ ತಯಾರಿಸದು. ಬ್ರಿಟನ್ ಸರಕಾರ ತನ್ನ ಜನಕ್ಕೆ ಚಳಿಗಾಲದಲ್ಲಿ ದಿನಕ್ಕೆ 10 ಮೈಕ್ರೋಗ್ರಾಂ, ಅಂದರೆ 400 ಐಯು ಸೂಚಿಸುತ್ತದೆ. ಇಲ್ಲಿ ವಾರಕ್ಕೊಂದರಂತೆ ಬರೆದುಕೊಡುವ 60,000 ಐಯು ಪೊಟ್ಟಣವನ್ನು ದಿನದ ಮಾತ್ರೆ ಅಂದುಕೊಂಡು ನುಂಗಬೇಡಿ, ವೈದ್ಯರನ್ನು ಕೇಳಿ.

ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿನ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಸಂಜೆ ಐದೂವರೆಗೆ ಮಾಡುತ್ತಿದ್ದ ಫೋನು ಇಲ್ಲಿ ರಾತ್ರಿ ಒಂಬತ್ತಕ್ಕೆ ಬರುತ್ತಿದ್ದದ್ದು ಅಂದಿನಿಂದ ಹತ್ತಕ್ಕೆ ಬರುತ್ತದೆ. ಬಸವನಗುಡಿಯ ಅಪ್ಪ-ಅಮ್ಮನಿಗೆ ಒಂದು ದಿನ ಮುಂಚೆ ಹೇಳಿಡಿ, ಮಾತ್ರೆ ನುಂಗಿ ಮಲಗುವವರು ಎದ್ದು ಕೂತಿರುತ್ತಾರೆ.