ಎಲ್ಲಕ್ಕಿಂತ ಮೊದಲು ಶೌಚಾಲಯ

ಭೂಮಿಗೆ ಹೊರೆಯಾಗದಂತೆ ಒಟ್ಟಿಗೆ ಬದುಕೋಣ ಅಂತ ಒಂದಷ್ಟು ಹುಡುಗ ಹುಡುಗಿಯರು ಸೇರಿದರೆ ಮಾತು ಬೇಗ ಮಣ್ಣಿನ ಗೋಡೆಗೋ ಸೋಲಾರ್‌ಗೋ ಹೊರಳುತ್ತದೆ. ನಾವು ಮೊದಲು ಕೈಹಾಕಿದ್ದು ನೀರು ಸುರಿದು ಫ್ಲಶ್ ಮಾಡದ ಒಣ ಶೌಚಾಲಯಕ್ಕೆ. ಒಂದು ಸಲ ಫ್ಲಶ್ ಮಾಡಿದರೆ ಸಾಮಾನ್ಯವಾಗಿ 6ರಿಂದ 10 ಲೀಟರ್ ಒಳ್ಳೆಯ ನೀರು ಕೊಳಚೆಯಾಗುತ್ತದೆ. ಅದನ್ನು ಬಿಟ್ಟು ಬೇರೆ ಉಳಿತಾಯದ ಮಾತಾಡಲು ನನಗಂತೂ ಮನಸ್ಸಿರಲಿಲ್ಲ.

ನೆಲದ ಮೇಲೆ ಅಕ್ಕಪಕ್ಕ ಎರಡು ತೊಟ್ಟಿ ಕಟ್ಟಿದೆವು. ಒಂದು ಬಳಕೆಯಲ್ಲಿದ್ದರೆ ಇನ್ನೊಂದಕ್ಕೆ ಮುಚ್ಚಳ. ಮೂತ್ರ ಮಾತ್ರ ಪೈಪಿನಲ್ಲಿ ಹೊರಗಿನ ಕ್ಯಾನಿಗೆ ಹೋಗುತ್ತದೆ, ತೊಳೆದುಕೊಂಡ ನೀರು ಗಿಡಗಳ ಪಾತಿಗೆ. ಹೀಗೆ ಬೇರೆಬೇರೆ ಮಾಡುವುದರಲ್ಲೇ ಎಲ್ಲ ಇದೆ: ಒಳಗಿರುವುದು ಒಣಗಿದ್ದರೆ ನಾತವೂ ಕಡಿಮೆ, ನೊಣವೂ ಕಡಿಮೆ. ಪ್ರತಿ ಸಲ ಮೇಲೆ ಒಂದು ಹಿಡಿ ಬೂದಿ ಉದುರಿಸಬೇಕು. ಬೂದಿ ತೇವ ಹೀರುತ್ತದೆ, ಅದರ ಕ್ಷಾರ ರೋಗಾಣುಗಳನ್ನು ಕೊಲ್ಲಲು ನೆರವಾಗುತ್ತದೆ. ಹೊಸಬರಿಗೆ ಇದನ್ನೆಲ್ಲ ಪಕ್ಕದಲ್ಲಿ ನಿಂತೇ ಹೇಳಿಕೊಡಬೇಕು. ಗೋಡೆಗೆ ಅಂಟಿಸಿದ ಚೀಟಿಯನ್ನು ಯಾರೂ ಓದುವುದಿಲ್ಲ!

ತುಂಬಿದ ತೊಟ್ಟಿ ತೆರೆಯಲು ಅವಸರ ಕೂಡದು. ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿಯಂತೆ, ಹಾಗೇ ಇಟ್ಟು ಮಾಗಿಸುವುದಾದರೆ 20 ಡಿಗ್ರಿಗಿಂತ ಬೆಚ್ಚಗಿನ ಕಡೆ ಒಂದು ವರ್ಷಕ್ಕೂ ಹೆಚ್ಚು ಬೇಕು, ಅದಕ್ಕಿಂತ ತಂಪಿದ್ದರೆ ಒಂದೂವರೆಯಿಂದ ಎರಡು ವರ್ಷ. ಮೂತ್ರದ್ದು ಇಷ್ಟು ತಾಪತ್ರಯವಿಲ್ಲ. ನಮ್ಮ ದೇಹ ಹೊರಹಾಕುವ ಸಾರಜನಕದಲ್ಲಿ ಸುಮಾರು 80 ಶೇಕಡಾ ಇರುವುದು ಅದರಲ್ಲೇ. ಕೂಡಿಟ್ಟು, ನೀರು ಬೆರೆಸಿ ಗಿಡದ ಬುಡಕ್ಕೆ ಹಾಕುತ್ತೇವೆ.

ಕಟ್ಟುವಾಗ ಎಲ್ಲರೂ ಹಾಜರ್. ಸರದಿಯಂತೆ ಕ್ಯಾನ್ ಎತ್ತುವ ಪ್ರಶ್ನೆ ಬಂದಾಗ ಸಭೆ ಮೌನ.

ನೆದರ್ಲ್ಯಾಂಡ್ಸ್‌ನ ಎಂಜಿನಿಯರ್ ಗೆರಾರ್ಡ್ ಎಂಡೆನ್‌ಬರ್ಗ್ ತಮ್ಮ ಕಂಪನಿಯಲ್ಲಿ ರೂಪಿಸಿದ, ಒಟ್ಟಾಗಿ ತೀರ್ಮಾನ ಮಾಡುವ ಪದ್ಧತಿಯೊಂದು ಆಗ ಕೈಹಿಡಿಯಿತು. ಅದರಲ್ಲಿ ಎಲ್ಲರಿಗೂ ಇಷ್ಟವೇ ಎಂದು ಕೇಳುವುದಿಲ್ಲ. ಇದರಿಂದ ನಮ್ಮ ಕೆಲಸ ಕೆಡುತ್ತದೆ ಅನ್ನುವ ಕಾರಣ ಯಾರ ಬಳಿಯಾದರೂ ಇದೆಯೇ ಎಂದು ಒಬ್ಬೊಬ್ಬರನ್ನೇ ಕೇಳುತ್ತಾರೆ. ‘ಅಸಹ್ಯ’ ಅನ್ನುವುದು ಕಾರಣದ ಲೆಕ್ಕಕ್ಕೆ ಬರಲಿಲ್ಲ. ‘ತುಂಬಿದ ಕ್ಯಾನ್ 20 ಕಿಲೋ, ನನ್ನ ಬೆನ್ನು ತಡೆಯಲ್ಲ’ ಅಂದದ್ದು ಬಂತು. ದೊಡ್ಡ ಕ್ಯಾನ್‌ಗಳನ್ನು ಬಿಟ್ಟು ಚಿಕ್ಕವನ್ನು ತಂದೆವು.

ಒಬ್ಬರು ತಮ್ಮ ಸರದಿಯ ಬದಲು ದುಡ್ಡು ಕೊಡುವುದಾಗಿ ಹೇಳಿದರು. ಅದಕ್ಕೆ ನಾನೇ ಅಡ್ಡಬಂದೆ. ಹಾಗೆ ಶುರುವಾದರೆ ದುಡ್ಡಿಲ್ಲದವರೇ ಕಾಯಂ ಕ್ಯಾನ್ ಹೊರುವವರಾಗುತ್ತಾರೆ. ಈಗ ಸರದಿಯನ್ನು ಬೇರೊಬ್ಬರ ಸರದಿಗೆ ಅದಲುಬದಲು ಮಾಡಿಕೊಳ್ಳಬಹುದು, ಮಾರುವಂತಿಲ್ಲ.