ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಪೌಲಿನಾಳನ್ನು ಹುಡುಕಿದ್ದು

ಏರಿಯಲ್ ಡಾರ್ಫ್‌ಮನ್ ಅವರ ‘ಡೆತ್ ಅಂಡ್ ದ ಮೇಡನ್’ ನಾಟಕದಲ್ಲಿ ಪೌಲಿನಾ ಪಾತ್ರ ನನ್ನದೆಂದು ತೀರ್ಮಾನವಾದ ದಿನವೇ ನಾನು ಹಗ್ಗ ಕಟ್ಟುವುದನ್ನು ಕಲಿಯಲು ಕುಳಿತೆ. ರಂಗದ ಮೇಲೆ ಒಬ್ಬ ಗಂಡಸನ್ನು ಕುರ್ಚಿಗೆ ಬಿಗಿಯಬೇಕಿತ್ತು. ಗಂಟು ನಿಜವಾಗಿ ಕಾಣಬೇಕು, ನಟನ ಕೈ ಜೋಮು ಹಿಡಿಯಬಾರದು. ಅದು ಬೇಗ ಬಂತು. ಆದರೆ ಪಾತ್ರ ಬರಲಿಲ್ಲ. ಎರಡು ವಾರ ನಾನು ಬರೀ ಕಿರುಚಿದೆ.

ಕಥೆ ಹೀಗಿದೆ. ಸರ್ವಾಧಿಕಾರ ಆಗಷ್ಟೇ ಮುಗಿದಿರುವ ದೇಶ. ಬಹುಶಃ ಚಿಲಿ ಎಂದು ನಾಟಕಕಾರರೇ ಸೂಚಿಸುತ್ತಾರೆ. ಕಡಲ ದಡದ ಮನೆ. ವಕೀಲ ಗೆರಾರ್ಡೊನ ಕಾರು ದಾರಿಯಲ್ಲಿ ಪಂಕ್ಚರ್ ಆಗಿ, ರಾಬರ್ಟೊ ಮಿರಾಂಡಾ ಎಂಬ ಡಾಕ್ಟರ್ ಅವನನ್ನು ಮನೆ ತಲುಪಿಸುತ್ತಾನೆ. ಗೆರಾರ್ಡೊನ ಹೆಂಡತಿ ಪೌಲಿನಾಳಿಗೆ ಆ ಅಪರಿಚಿತನ ಧ್ವನಿ ಕೇಳಿಸುತ್ತದೆ. 15 ವರ್ಷಗಳ ಹಿಂದೆ, 1975ರಲ್ಲಿ, ಅವಳ ಕಣ್ಣು ಕಟ್ಟಿ ಕೂಡಿಹಾಕಿದ್ದಾಗ ಒಬ್ಬ ವೈದ್ಯ ಶೂಬರ್ಟನ ಸಂಗೀತ ಹಾಕಿ ಅವಳ ಮೇಲೆ ಅತ್ಯಾಚಾರ ಮಾಡಿದ್ದ. ಅವನ ಮುಖವನ್ನು ಅವಳು ನೋಡಿಯೇ ಇಲ್ಲ. ಅವಳ ಬಳಿ ಇರುವ ಸಾಕ್ಷ್ಯವೆಂದರೆ ಧ್ವನಿ, ಮೈಯ ವಾಸನೆ, ಚರ್ಮದ ಸ್ಪರ್ಶ, ಅಷ್ಟೇ.

ಇವನೇ ಅವನು ಎಂದು ಡಾಕ್ಟರನ್ನು ಕುರ್ಚಿಗೆ ಕಟ್ಟಿ ತಾನೇ ವಿಚಾರಣೆಗಿಳಿಯುವ ಅವಳು ನ್ಯಾಯಾಲಯಕ್ಕೆ ಏಕೆ ಹೋಗುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಸಿಗಲು ನಾನು ಚಿಲಿಯ ಚರಿತ್ರೆ ಓದಬೇಕಾಯಿತು. 1973ರ ಸೆಪ್ಟೆಂಬರ್ 11ರಂದು ಆರಂಭವಾದ ಮಿಲಿಟರಿ ಆಳ್ವಿಕೆ ಕೊನೆಗೊಂಡದ್ದು 1990ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ ಸೇನೆಯೇ 1978ರಲ್ಲಿ ತನ್ನವರಿಗೆ ರಕ್ಷಣೆಯಾಗಿ ಒಂದು ಕ್ಷಮಾದಾನದ ಕಾನೂನು ತಂದಿತ್ತು. ಅಧ್ಯಕ್ಷ ಸ್ಥಾನದಿಂದ ಇಳಿದ ಸರ್ವಾಧಿಕಾರಿ ಪಿನೋಶೆ 1998ರವರೆಗೂ ಸೇನೆಯ ಮುಖ್ಯಸ್ಥನಾಗಿಯೇ ಉಳಿದ. ಹೊಸ ಅಧ್ಯಕ್ಷ ಐಲ್ವಿನ್ ನೇಮಿಸಿದ ರೆಟಿಗ್ ಆಯೋಗ ಸತ್ತವರ ಮತ್ತು ಕಣ್ಮರೆಯಾದವರ ಪ್ರಕರಣಗಳನ್ನು ಮಾತ್ರ ನೋಡಿತು. 1991ರ ವರದಿಯಲ್ಲಿ ಅಪರಾಧಿಗಳ ಹೆಸರುಗಳೂ ಇರಲಿಲ್ಲ. ನಾಟಕದಲ್ಲಿ ಗೆರಾರ್ಡೊ ಅಂಥದೇ ಆಯೋಗದ ಸದಸ್ಯನಾಗಿ ಆಗಷ್ಟೇ ನೇಮಕವಾಗಿದ್ದಾನೆ. ಹೆಂಡತಿ ಬದುಕಿದ್ದಾಳೆ, ಆದ್ದರಿಂದ ಗಂಡನ ಕಡತದಲ್ಲಿ ಅವಳಿಗೆ ಜಾಗವಿಲ್ಲ. ಇದು ಹೊಳೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಚಿತ್ರಹಿಂಸೆಯಿಂದ ಬದುಕುಳಿದವರ ಮಾತು ಕೇಳಲು ಚಿಲಿಯಲ್ಲಿ ಇನ್ನೊಂದು ಆಯೋಗ ಬಂದದ್ದು 2003ರಲ್ಲಿ. ಮರುವರ್ಷ ಅದು 27 ಸಾವಿರಕ್ಕೂ ಹೆಚ್ಚು ಮಂದಿಯನ್ನು ಗುರುತಿಸಿತು. ಪೌಲಿನಾಳಂಥವರು ಅಷ್ಟು ವರ್ಷ ಕಾದರು.

ಸ್ಯಾಂಟಿಯಾಗೊ ನಗರದ ನಡುವೆ ಲಂಡ್ರೆಸ್ 38 ಎಂಬ ಮನೆಯಿದೆ. ಪಿನೋಶೆಯ ರಹಸ್ಯ ಪೊಲೀಸರು ಜನರನ್ನು ಕಣ್ಣು ಕಟ್ಟಿ ಅಲ್ಲಿಡುತ್ತಿದ್ದರು. ಬಟ್ಟೆಯ ಸಂದಿಯಿಂದ ಕಂಡ ಕಪ್ಪು ಬಿಳುಪಿನ ನೆಲಹಾಸು, ಪಕ್ಕದ ಸಾನ್ ಫ್ರಾನ್ಸಿಸ್ಕೊ ಚರ್ಚಿನ ಗಂಟೆಯ ಸದ್ದು, ಇವುಗಳಿಂದ ಬದುಕುಳಿದವರು ಆ ಜಾಗವನ್ನು ಆಮೇಲೆ ಪತ್ತೆಹಚ್ಚಿದರು. ಇದನ್ನು ಓದಿದ ಮರುದಿನದಿಂದ ನಾನು ತಾಲೀಮಿನ ಮೊದಲ ಒಂದು ಗಂಟೆ ಟವೆಲಿನಿಂದ ಕಣ್ಣು ಕಟ್ಟಿಕೊಂಡು ಮೂಲೆಯಲ್ಲಿ ಕುಳಿತೆ. ಹೆಜ್ಜೆಯ ಸದ್ದು, ಕೆಮ್ಮು, ತಲೆಗೆ ಹಚ್ಚಿದ ಎಣ್ಣೆಯ ವಾಸನೆ ಹಿಡಿದು ತಂಡದವರ ಹೆಸರು ಹೇಳುತ್ತಿದ್ದೆ. ನಾಲ್ಕನೆಯ ದಿನ, ಹಿಂದೆ ನಿಂತು ಮಾತನಾಡಿದವರು ನಮ್ಮ ಬೆಳಕಿನ ವಿನ್ಯಾಸಕರೆಂದು ಎದೆ ತಟ್ಟಿ ಹೇಳಿದೆ. ಬಟ್ಟೆ ಬಿಚ್ಚಿದರೆ ಅಲ್ಲಿದ್ದವರು ಬೇರೆ. ಬಹಳ ಹೊತ್ತು ಸುಮ್ಮನೆ ಕುಳಿತೆ. ಅಷ್ಟು ಖಚಿತವಾಗಿದ್ದ ನಾನು ತಪ್ಪಿದ್ದೆ. ನಾಟಕದ ಇಡೀ ಸಂಕಟ ಆ ಒಂದು ಗಳಿಗೆಯಲ್ಲಿ ನನ್ನ ಮೈಗೆ ತಾಗಿತು. ಪೌಲಿನಾಳಲ್ಲಿ ಅನುಮಾನದ ಎಳೆಯೂ ಇರಬಾರದು, ನೋಡುವವರಲ್ಲಿ ಅದು ಕೊನೆಯವರೆಗೂ ಉಳಿಯಬೇಕು. ಡಾಕ್ಟರ್ ತಪ್ಪಿತಸ್ಥನೋ ಅಲ್ಲವೋ ಎಂಬುದನ್ನು ನಿರ್ದೇಶಕರು ಆ ಪಾತ್ರ ಮಾಡುತ್ತಿದ್ದ ನಟರಿಗೆ ಮಾತ್ರ ಹೇಳಲಿ, ನನಗೆ ಬೇಡ ಎಂದು ಅಂದೇ ಕೇಳಿಕೊಂಡೆ.

ಕಿವಿಯ ಬಗ್ಗೆ ಯೋಚಿಸುವಾಗ ನಮ್ಮದೇ ರಂಗಭೂಮಿಯ ಸ್ನೇಹಲತಾ ರೆಡ್ಡಿ ನೆನಪಾಗುತ್ತಿದ್ದರು. ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನ ಸೆರೆಮನೆಗೆ ಹಾಕಿದ್ದ ಅವರು ಆಸ್ತಮಾದಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ರಾತ್ರಿಯ ಮೌನದಲ್ಲಿ ಅವರ ಚೀತ್ಕಾರ ಕೇಳಿಸುತ್ತಿತ್ತು ಎಂದು ಅದೇ ಸೆರೆಮನೆಯಲ್ಲಿದ್ದ ಸಮಾಜವಾದಿ ನಾಯಕ ಮಧು ದಂಡವತೆ ಬರೆದಿದ್ದಾರೆ. ಚಿಲಿಯ 17 ವರ್ಷಗಳನ್ನು ನಮ್ಮ 21 ತಿಂಗಳಿಗೆ ಹೋಲಿಸುವುದು ನನ್ನ ಉದ್ದೇಶವಲ್ಲ. ಗೋಡೆಯಾಚೆಯ ಕೂಗನ್ನು ಕೇಳಿಸಿಕೊಂಡವರು ಅದನ್ನು ಬರೆದಿಟ್ಟರು ಎಂಬುದು ನನಗೆ ಮುಖ್ಯವಾಗಿತ್ತು.

ಅನುವಾದದಲ್ಲಿ ಹೆಚ್ಚು ಜಗಳ ನಡೆದದ್ದು ಎರಡು ವಿಷಯಕ್ಕೆ. ಮೊದಲನೆಯದು ‘ನೀವು’. ಕಟ್ಟಿಹಾಕಿದ ಮೇಲೆ ಪೌಲಿನಾ ಅವನನ್ನು ‘ನೀನು’ ಎನ್ನಬೇಕೆಂದು ಎಲ್ಲರೂ ಹೇಳಿದರು. ನಾನು ಒಪ್ಪಲಿಲ್ಲ. ‘ಡಾಕ್ಟರೇ, ಗಂಟು ಬಿಗಿಯಾಯಿತೇ?’ ಎಂದು ಅವಳು ಮರ್ಯಾದೆಯಿಂದಲೇ ಕೇಳಿದಾಗ ಸಭಾಂಗಣ ಹೆಚ್ಚು ನಡುಗಿತು. ‘ನೀನು’ ಬಂದದ್ದು ಒಂದೇ ಕಡೆ, ಕೊನೆಯಲ್ಲಿ ಪಿಸ್ತೂಲು ಅವನ ತಲೆಗೆ ಗುರಿಯಿಟ್ಟಾಗ.

ಎರಡನೆಯದು ‘ಮುಯ್ಯಿ’. ಮದುವೆಯಲ್ಲಿ ಓದಿಸುವುದೂ ಮುಯ್ಯಿ, ಹಗೆ ತೀರಿಸುವುದೂ ಮುಯ್ಯಿ. ಕೊಟ್ಟಷ್ಟನ್ನು ಹಿಂದಿರುಗಿಸುವ ಲೆಕ್ಕ ಎರಡರಲ್ಲೂ ಇದೆ. ತನಗೆ ಮಾಡಿದ್ದನ್ನೆಲ್ಲ ಅವನಿಗೂ ಮಾಡಬೇಕೆಂದು ಪೌಲಿನಾ ಯೋಚಿಸುತ್ತಾಳೆ, ಆ ಲೆಕ್ಕ ಎಂದೂ ಸರಿಹೋಗದೆಂದು ಅವಳಿಗೇ ಕಾಣುತ್ತದೆ. ಕೊನೆಗೆ ಅವಳು ಕೇಳುವುದು ತಪ್ಪೊಪ್ಪಿಗೆ: ಅವನೇ ತನ್ನ ಬಾಯಿಂದ ಟೇಪ್ ರೆಕಾರ್ಡರಿಗೆ ಹೇಳಬೇಕು. ಗಂಡನಿಗೆ ತನ್ನ ಕಥೆ ಹೇಳುವಾಗ ಅವಳು ಬೇಕೆಂದೇ ಸಣ್ಣ ತಪ್ಪುಗಳನ್ನು ಸೇರಿಸಿರುತ್ತಾಳೆ. ಗಂಡ ಅದನ್ನೇ ಡಾಕ್ಟರಿಗೆ ಹೇಳಿಕೊಟ್ಟರೂ, ಡಾಕ್ಟರ್ ತಪ್ಪೊಪ್ಪಿಗೆಯಲ್ಲಿ ಆ ತಪ್ಪುಗಳು ತಿದ್ದಿಕೊಂಡಿರುತ್ತವೆ. ಆ ದೃಶ್ಯದಲ್ಲಿ ನಾನು ಕಿರುಚುವುದನ್ನು ಬಿಟ್ಟು, ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತ ಕುಳಿತೆ. ಪಾತ್ರ ನನಗೆ ದಕ್ಕಿದ್ದು ಅಲ್ಲಿ.

ಕೊನೆಗೆ ದೊಡ್ಡ ಕನ್ನಡಿಯೊಂದು ಇಳಿದು ಪ್ರೇಕ್ಷಕರು ತಮ್ಮನ್ನೇ ನೋಡಿಕೊಳ್ಳಬೇಕು. ಅಷ್ಟು ದೊಡ್ಡ ಕನ್ನಡಿಗೆ ನಮ್ಮಲ್ಲಿ ಹಣವಿರಲಿಲ್ಲ. ಕ್ಷೌರದಂಗಡಿಯೊಂದರ ಹಳೆಯ ಕನ್ನಡಿಗಳನ್ನು ಹಲಗೆಗೆ ಜೋಡಿಸಿ ಇಳಿಬಿಟ್ಟೆವು. ಮುಖಗಳು ತುಂಡುತುಂಡಾಗಿ ಕಂಡವು. ಅದೇ ಸರಿ ಎನಿಸಿತು.

ಮೂರನೆಯ, ಕೊನೆಯ ಪ್ರದರ್ಶನ ಮುಗಿದ ಮೇಲೆ ಡಾಕ್ಟರ್ ಪಾತ್ರದವರು ಮಣಿಕಟ್ಟಿನ ಮೇಲಿನ ಹಗ್ಗದ ಗುರುತಿಗೆ ಎಣ್ಣೆ ಸವರಿಕೊಳ್ಳುತ್ತ, ‘ಈಗಲಾದರೂ ಹೇಳಲೇ, ಮೇಡಂ?’ ಎಂದು ಕೇಳಿದರು. ಬೇಡ ಎಂದೆ.